ಗೋಡೆ ಮೇಲಿನ ಅಘನಾಶಿನಿಯನ್ನು ಉಳಿಸಿಕೊಡಿ: ನಮ್ಮ ಶಾಲೆಯ ಮಾಡಿಗಾಗಿ (ಛಾವಣಿಗಾಗಿ) ದೇಣಿಗೆ ಮನವಿ

ಊರಲ್ಲಿರುವವರಿಗೂ, ಮುಂಬೈ, ಗೋವಾ, ಹುಬ್ಬಳ್ಳಿ, ಬೆಂಗಳೂರು ಸೇರಿರುವ ನಮ್ಮ ಹಳೆ ವಿದ್ಯಾರ್ಥಿಗಳಿಗೂ ನಮಸ್ಕಾರ.

ಐದನೇ ತರಗತಿಯ ಗೋಡೆ ನೆನಪಿದೆ ಅಲ್ವಾ? ಡ್ರಾಯಿಂಗ್ ಮಾಸ್ತರು ಬೇಸಿಗೆ ರಜೆಯಿಡೀ ಏಣಿ ಮೇಲೆ ನಿಂತು ಬರೆದ ಅಘನಾಶಿನಿ ನದಿ. ಬಲಗಡೆ ಮೇಲೆ ಶಿರಸಿ, ಅಲ್ಲಿಂದ ಇಳಿದು ಉಂಚಳ್ಳಿ ಜಲಪಾತ, ಕೆಳಗೆ ಮಿರ್ಜಾನ್ ಕೋಟೆ, ಎಡಗಡೆ ಅಂಚಿನಲ್ಲಿ ತದಡಿ ಮತ್ತು ಸಮುದ್ರ. ನಮ್ಮೂರನ್ನು ಒಂದು ಕೆಂಪು ಚುಕ್ಕಿಯಾಗಿ ಇಟ್ಟಿದ್ದರು. ಎಷ್ಟು ಮಕ್ಕಳು ಆ ಚುಕ್ಕಿ ಮೇಲೆ ಬೆರಳಿಟ್ಟು "ಇದು ನಮ್ಮನೆ" ಅಂದಿಲ್ಲ!

ಕಳೆದ ಮಳೆಗಾಲದಲ್ಲಿ ಆ ಗೋಡೆಗೆ ನೀರು ಇಳಿಯಿತು. ಮಿರ್ಜಾನಿನಿಂದ ಆಚೆ ಗಾರೆಯೇ ಉದುರಿದೆ. ತದಡಿ ಇಲ್ಲ, ಸಮುದ್ರ ಇಲ್ಲ, ನಮ್ಮ ಕೆಂಪು ಚುಕ್ಕಿಯೂ ಇಲ್ಲ.

ಮಾಡಿನ ಪಕಾಸುಗಳಿಗೆ, ಅಂದರೆ ಹಂಚಿನ ಭಾರ ಹೊರುವ ಮರದ ತೊಲೆಗಳಿಗೆ, ಒರಲೆ ಹಿಡಿದಿದೆ. ಹೊರಗಿಂದ ಗಟ್ಟಿಯಾಗಿ ಕಾಣುತ್ತವೆ, ಬೆರಳಿನಿಂದ ಒತ್ತಿದರೆ ಪುಡಿ ಉದುರುತ್ತದೆ. ಉಪ್ಪುಗಾಳಿಗೆ ಮೊಳೆಗಳೆಲ್ಲ ತುಕ್ಕು ತಿಂದು ಹಂಚು ಕೂರುವ ರೀಪು ಪಟ್ಟಿಗಳು ಸಡಿಲವಾಗಿವೆ. ಹೋದ ವರ್ಷ ಜುಲೈನಲ್ಲಿ ಒಂದು ಮಧ್ಯಾಹ್ನ ನಾಲ್ಕು ಹಂಚು ಒಟ್ಟಿಗೆ ಜಾರಿ ಬಿದ್ದವು. ಮಕ್ಕಳು ಊಟಕ್ಕೆ ಎದ್ದಿದ್ದರು, ದೇವರು ದೊಡ್ಡವನು. ಆಮೇಲೆ ಉಳಿದ ಮಳೆಗಾಲ ಪೂರ್ತಿ ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿದೆವು. ನಾಲ್ಕನೇ ತರಗತಿಯ ಒಬ್ಬ ಹುಡುಗಿ ಪಾಟಿಚೀಲವನ್ನು ಹೊಟ್ಟೆಗೆ ಒತ್ತಿಕೊಂಡು, ಅದರ ಮೇಲೆ ಬಗ್ಗಿ ಕೂತು ಬರೆಯುತ್ತಿದ್ದಳು. ತಲೆ ಒದ್ದೆಯಾದರೂ ಪುಸ್ತಕ ಒದ್ದೆಯಾಗಬಾರದು ಅಂತ. ಅದನ್ನು ಹೇಳುವಾಗ ನಮ್ಮ ಅಕ್ಕೋರ ಕಣ್ಣು ತುಂಬಿತು.

ಈ ಮಕ್ಕಳು ಯಾರ ಮನೆಯವರು ಅಂತ ನಿಮಗೆ ಬೇರೆ ಹೇಳಬೇಕಿಲ್ಲ. ಅರ್ಧಕ್ಕರ್ಧ ಮಕ್ಕಳ ತಂದೆ ತಾಯಿ ಸಾಣಿಕಟ್ಟಾ ಉಪ್ಪಿನ ಆಗರದ ಕೆಲಸಕ್ಕೆ ಹೋಗುವವರು. ಉಬ್ಬರದ ನೀರು ಒಳಗೆ ಬಿಟ್ಟು, ಬಿಸಿಲಿಗೆ ಇಂಗಿಸಿ, ಉರಿಬಿಸಿಲಲ್ಲಿ ನಿಂತು ಉಪ್ಪು ಎಳೆಯುವ ಕೆಲಸ. ಬೇಸಿಗೆ ಮುಗಿದರೆ ಅದೂ ಮುಗಿಯಿತು. ಅಕಾಲದಲ್ಲಿ ಒಂದು ಮಳೆ ಬಿದ್ದರೆ ಎಳೆದಿಟ್ಟ ಉಪ್ಪು ಕರಗುತ್ತದೆ, ಕೂಲಿಯೂ ಹೋಗುತ್ತದೆ. ಇನ್ನು ಕೆಲವು ತಾಯಂದಿರು ಇಳಿತದ ಹೊತ್ತಿಗೆ ಸೊಂಟದವರೆಗಿನ ನೀರಲ್ಲಿ ನಿಂತು ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುತ್ತಾರೆ. ಅವರ ಹತ್ತಿರ ನಾವು ಮಾಡಿಗೆ ಹಣ ಕೇಳಲಾರೆವು. ಕೇಳದಿದ್ದರೂ ಒಬ್ಬ ತಾಯಿ 200 ರೂಪಾಯಿ ತಂದು ಮೇಜಿನ ಮೇಲಿಟ್ಟು ಹೋದರು.

ನಮ್ಮೂರು ಚಿಕ್ಕದು. ಆದರೆ ನಮ್ಮ ಹೊಳೆಯ ಬದಿ ಚಿಕ್ಕದಲ್ಲ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ಕಾಲದಲ್ಲಿ ಘಟ್ಟದ ಮೆಣಸು ಹಡಗು ಹತ್ತಿದ್ದು ಇದೇ ನೀರಿನಲ್ಲಿ. ಮಿರ್ಜಾನ್ ಕೋಟೆಯ ಚಿರೆಕಲ್ಲು ಇವತ್ತಿಗೂ ಅದಕ್ಕೆ ಸಾಕ್ಷಿ. 1930ರಲ್ಲಿ ಪಕ್ಕದ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಕಥೆಯನ್ನು ನಮ್ಮ ಅಜ್ಜಂದಿರು ಹೇಳುತ್ತಿದ್ದುದು ಇದೇ ಶಾಲೆಯ ಜಗಲಿಯಲ್ಲಿ ಕೂತು. ತದಡಿಗೆ ದೊಡ್ಡ ಉಷ್ಣ ವಿದ್ಯುತ್ ಸ್ಥಾವರ ಬರುತ್ತದೆ ಎಂದಾಗ ಬೇಡ ಎಂದು ಗಟ್ಟಿಯಾಗಿ ನಿಂತವರೂ ಈ ಹೊಳೆಯ ಎರಡೂ ದಡದ ಜನ. ಆ ಹೊಳೆಗೆ ಇವತ್ತಿನವರೆಗೂ ಅಣೆಕಟ್ಟು ಬಿದ್ದಿಲ್ಲ. 2024ರಲ್ಲಿ ಅಘನಾಶಿನಿ ಅಳಿವೆ, ಅಂದರೆ ಹೊಳೆ ಸಮುದ್ರ ಸೇರುವ ಜಾಗ, ರಾಮ್ಸಾರ್ ಪಟ್ಟಿಗೆ ಸೇರಿತು. ಜಗತ್ತೇ ಕಾಪಾಡಬೇಕಾದ ಜೌಗು ನೆಲ ಅಂತ ಅದರ ಅರ್ಥ. ಸುದ್ದಿ ಬಂದ ದಿನ ಶಾಲೆಯಲ್ಲಿ ಸಿಹಿ ಹಂಚಿದೆವು.

ಗಜನಿಯ, ಅಂದರೆ ಅಳಿವೆ ಬದಿಯ ಉಪ್ಪುನೀರಿನ ಗದ್ದೆಯ, ಪಾಠವನ್ನಂತೂ ನಮ್ಮ ಶಾಲೆಯಷ್ಟು ಚೆನ್ನಾಗಿ ಯಾರೂ ಹೇಳಿಕೊಡುವುದಿಲ್ಲ. ಹೆಮ್ಮೆಯಿಂದಲೇ ಹೇಳುತ್ತೇವೆ. ಪ್ರತಿ ವರ್ಷ ಮಕ್ಕಳನ್ನು ಕಟ್ಟೆ ಮೇಲೆ ಕರೆದುಕೊಂಡು ಹೋಗಿ ಜಂತ್ರಡಿ, ಅಂದರೆ ಕಟ್ಟೆಯ ಹಲಗೆ ಬಾಗಿಲು, ತೋರಿಸುತ್ತೇವೆ. ಹಲಗೆ ಎತ್ತಿ ಮಳೆನೀರು ಹೊರಗೆ ಬಿಡುವುದು ಹೇಗೆ, ಉಬ್ಬರ ಬಂದಾಗ ಇಳಿಸುವುದು ಯಾಕೆ, ಎಲ್ಲ ಕೈಯಲ್ಲಿ ಮಾಡಿ ಕಲಿಯುತ್ತಾರೆ. ಕಗ್ಗ ಭತ್ತ ಉಪ್ಪುನೀರನ್ನೂ ತಡೆಯುತ್ತದೆ, ನೆರೆಯಲ್ಲಿ ದಿನಗಟ್ಟಲೆ ಮುಳುಗಿದರೂ ಸಾಯುವುದಿಲ್ಲ. ಕೊಯ್ಯುವಾಗ ನೀರಲ್ಲಿ ನಿಂತು ತೆನೆ ಮಾತ್ರ ಕೊಯ್ಯುತ್ತಾರೆ. ಕೆಳಗೆ ಉಳಿದ ಹುಲ್ಲು ಕೊಳೆತು ಶೆಟ್ಲಿಗೆ (ಸೀಗಡಿಗೆ), ಮೀನಿಗೆ ಮೇವಾಗುತ್ತದೆ. ಇದನ್ನು ನಮ್ಮ ಆರನೇ ತರಗತಿ ಮಕ್ಕಳು ತಾಲ್ಲೂಕಿನ ವಿಜ್ಞಾನ ಪ್ರದರ್ಶನದಲ್ಲಿ ಮಾದರಿ ಮಾಡಿ ತೋರಿಸಿ ಮೊದಲ ಬಹುಮಾನ ತಂದರು. ಬಹುಮಾನದ ಫಲಕ ಕಚೇರಿ ಕಪಾಟಿನಲ್ಲಿದೆ. ಕಪಾಟಿನ ಮೇಲೆ ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದೇವೆ.

ಈಗ ಕೆಲಸದ ಮಾತು. ಮಾಡು ಪೂರ್ತಿ ಬಿಚ್ಚಬೇಕು. ಮರ ಹಾಕಿದರೆ ಮತ್ತೆ ಒರಲೆ, ಸಾದಾ ಕಬ್ಬಿಣ ಹಾಕಿದರೆ ಮತ್ತೆ ತುಕ್ಕು. ಹಾಗಾಗಿ ತುಕ್ಕು ಹಿಡಿಯದ ಲೇಪನವಿರುವ ಕಬ್ಬಿಣದ ಚೌಕಟ್ಟು ಕೂರಿಸಿ, ಮೇಲೆ ನಮ್ಮ ಹಳೆ ಹಂಚನ್ನೇ ಹೊದಿಸುವ ಯೋಚನೆ. ಒಡೆದ ಹಂಚಿಗೆ ಮಾತ್ರ ಹೊಸದು. ಗೋಡೆಯ ಗಾರೆ ಸೇರಿ 11 ಲಕ್ಷದ ಹತ್ತಿರ ಆಗಬಹುದು ಎಂಬ ಅಂದಾಜಿದೆ. ನಮ್ಮ ಕೈಯಲ್ಲಿ ಸುಮಾರು ಮೂರೂವರೆ ಲಕ್ಷ ಇದೆ. ಜೂನ್ ಮೊದಲ ವಾರ ಮಳೆ ಹಿಡಿಯುತ್ತದೆ. ಮೇ 25ರೊಳಗೆ ಮಾಡು ಮುಚ್ಚಲೇಬೇಕು. ಬಿಚ್ಚಿಟ್ಟು ಮಧ್ಯದಲ್ಲಿ ಹಣ ಸಾಲದೆ ನಿಂತರೆ ಇರುವುದೂ ಹೋಗುತ್ತದೆ. ಅದಕ್ಕೇ ಈ ಅವಸರ.

ಇಷ್ಟೇ ಕೊಡಿ ಅಂತ ನಾವು ಹೇಳುವುದಿಲ್ಲ. 500 ಕೊಟ್ಟರೂ ಕೆಲವು ಹಂಚು ಬರುತ್ತದೆ. ಒಂದು ಬ್ಯಾಚಿನವರು ಸೇರಿ ಒಂದು ಕೋಣೆಯ ಮಾಡು ವಹಿಸಿಕೊಂಡರೆ ಇನ್ನೂ ಒಳ್ಳೆಯದು. ಹಣವನ್ನು ಶಾಲೆಯ ಖಾತೆಗೇ ಹಾಕಿ, ಕಚೇರಿಯಿಂದ ರಸೀದಿ ಪಡೆಯಿರಿ. ಖರ್ಚಿನ ಲೆಕ್ಕವನ್ನು ಆಗಸ್ಟ್ 15ರಂದು ಧ್ವಜಾರೋಹಣ ಆದ ಮೇಲೆ ಎಲ್ಲರೆದುರು ಓದುತ್ತೇವೆ.

ಇನ್ನೊಂದು ಕೇಳಿಕೆ. ಆ ಗೋಡೆಯ ಎದುರು ನಿಂತು ತೆಗೆಸಿದ ಹಳೆ ಗ್ರೂಪ್ ಫೋಟೋ ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಕಳಿಸಿ. ಡ್ರಾಯಿಂಗ್ ಮಾಸ್ತರು ಈಗಿಲ್ಲ. ಮಿರ್ಜಾನ್ ದಾಟಿದ ಮೇಲೆ ಅವರು ನದಿಯನ್ನು ಹೇಗೆ ತಿರುಗಿಸಿದ್ದರು, ಕೆಂಪು ಚುಕ್ಕಿ ಸರಿಯಾಗಿ ಎಲ್ಲಿತ್ತು ಅಂತ ನೋಡಿಕೊಂಡು ಬರೆಸಬೇಕು.

ಇಂತಿ,
ಶಾಲಾ ಆಡಳಿತ ಮಂಡಳಿಯ ಪರವಾಗಿ