ದಸರಾ ಪ್ರಯಾಣದ ಖರ್ಚು ಆಗಸ್ಟ್‌ನಲ್ಲೇ ತೀರ್ಮಾನವಾಗುತ್ತದೆ

ಮಾನ್ಯ ಸಂಪಾದಕರೇ,

ಆಯುಧಪೂಜೆಗೆ ಎರಡು ದಿನ ಇರುವಾಗ ‘ಖಾಸಗಿ ಬಸ್ ದರ ದುಪ್ಪಟ್ಟು, ಪ್ರಯಾಣಿಕರ ಪರದಾಟ’ ಎಂಬ ಸುದ್ದಿ ಪ್ರತಿವರ್ಷ ಬರುತ್ತದೆ. ಸಾರಿಗೆ ಇಲಾಖೆ ಎಚ್ಚರಿಕೆ ಕೊಡುತ್ತದೆ, ಒಂದಷ್ಟು ಬಸ್‌ಗಳ ಮೇಲೆ ಕೇಸು ಬೀಳುತ್ತದೆ, ಮುಂದಿನ ಹಬ್ಬಕ್ಕೆ ಮತ್ತೆ ಅದೇ ರಾಗ. ಸುದ್ದಿ ಸುಳ್ಳಲ್ಲ. ಆದರೆ ಅದು ಓದುಗರ ಕೈಸೇರುವ ಹೊತ್ತಿಗೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಅಗ್ಗದ ಸೀಟುಗಳೆಲ್ಲ ಎರಡು ತಿಂಗಳ ಹಿಂದೆಯೇ ಹೋಗಿರುತ್ತವೆ. ಹಾಗಾಗಿ ಈ ಪತ್ರ.

ರೈಲಿನ ಮುಂಗಡ ಕಾಯ್ದಿರಿಸುವಿಕೆಯ ಅವಧಿ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಪ್ರಯಾಣದ ದಿನವನ್ನು ಇದರಲ್ಲಿ ಎಣಿಸುವಂತಿಲ್ಲ. ಅಕ್ಟೋಬರ್ 18ರ ರೈಲಿಗೆ ಆಗಸ್ಟ್ 19ರ ಬೆಳಿಗ್ಗೆ 8 ಗಂಟೆಗೆ ಬುಕಿಂಗ್ ತೆರೆಯುತ್ತದೆ. 25ಕ್ಕೆ ವಾಪಸ್ ಬರುವುದಾದರೆ ಆ ಟಿಕೆಟ್ಟಿಗೆ ಆಗಸ್ಟ್ 26ರವರೆಗೆ ಕಾಯಬೇಕು. ಹೋಗುವ ಟಿಕೆಟ್ ಸಿಕ್ಕ ಖುಷಿಯಲ್ಲಿ ಈ ಎರಡನೇ ದಿನವನ್ನು ಮರೆಯುವವರೇ ಹೆಚ್ಚು. ಆಮೇಲೆ ವಾಪಸ್ ಬರುವಾಗ ಬಸ್ಸಿಗೆ ಕೇಳಿದಷ್ಟು ಕೊಟ್ಟು, ಉಳಿಸಿದ್ದೆಲ್ಲ ಅಲ್ಲಿ ಸುರಿಯುತ್ತಾರೆ. ಆನ್‌ಲೈನಿನಲ್ಲಿ ಮಾಡುವವರು ಇನ್ನೊಂದು ಕೆಲಸವನ್ನು ಮೊದಲೇ ಮುಗಿಸಿಟ್ಟುಕೊಳ್ಳಬೇಕು: ಬುಕಿಂಗ್ ತೆರೆಯುವ ಹೊತ್ತಿಗೆ ಆಧಾರ್ ದೃಢೀಕರಣವಾದ ಐಆರ್‌ಸಿಟಿಸಿ ಖಾತೆಗಳಿಗಷ್ಟೇ ಅವಕಾಶ. ಎಂಟು ಗಂಟೆಗೆ ಒಟಿಪಿ ಹುಡುಕುತ್ತ ಕೂತರೆ ಸ್ಲೀಪರ್ ಕೈತಪ್ಪಿತು ಎಂದೇ ಲೆಕ್ಕ.

ಈ ಅರವತ್ತು ದಿನವನ್ನು ಲೆಕ್ಕ ಹಾಕುವುದು ರೈಲು ಮೊದಲ ನಿಲ್ದಾಣದಿಂದ ಹೊರಡುವ ತಾರೀಖಿನಿಂದ. ರಾತ್ರಿ ಬೆಂಗಳೂರು ಬಿಡುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಅರಸೀಕೆರೆ ಮುಟ್ಟುವಾಗ ನಡುರಾತ್ರಿ ದಾಟಿ ತಾರೀಖು ಬದಲಾಗಿರುತ್ತದೆ. ಅರಸೀಕೆರೆಯಲ್ಲಿ ಹತ್ತುವವರಿಗೆ ಬುಕಿಂಗ್ ಅವರು ಎಣಿಸಿದ್ದಕ್ಕಿಂತ ಒಂದು ದಿನ ಮೊದಲೇ ತೆರೆದಿರುತ್ತದೆ. ಇದೇ ಗೊಂದಲದಿಂದ ಟಿಕೆಟ್ಟಿನ ತಾರೀಖೂ ತಪ್ಪುತ್ತದೆ. ಶನಿವಾರ ರಾತ್ರಿ ಊಟ ಮುಗಿಸಿ ಸ್ಟೇಷನ್ನಿಗೆ ಬರುವವರಿಗೆ ಬೇಕಾದದ್ದು ಭಾನುವಾರದ ತಾರೀಖಿನ ಟಿಕೆಟ್. ಶನಿವಾರದ್ದು ತೆಗೆದಿದ್ದರೆ ಅವರ ರೈಲು ಹಿಂದಿನ ರಾತ್ರಿಯೇ ಹೋಗಿರುತ್ತದೆ, ಹಣವೂ ಹೋಗಿರುತ್ತದೆ.

ನಡುವಿನ ಊರಿನವರಿಗೆ ಉಪಯೋಗವಾಗುವ ಇನ್ನೊಂದು ವಿಷಯ ವೇಟಿಂಗ್ ಲಿಸ್ಟಿನದು. ಎಲ್ಲ ವೇಟಿಂಗ್ ಲಿಸ್ಟೂ ಒಂದೇ ಅಲ್ಲ. ಸಾಮಾನ್ಯವಾಗಿ ರೈಲು ಹೊರಡುವ ನಿಲ್ದಾಣದಿಂದ ತೆಗೆದ ಟಿಕೆಟ್ಟಿಗೆ ಜಿಎನ್‌ಡಬ್ಲ್ಯುಎಲ್ ಎಂದು ಬರುತ್ತದೆ. ಖಚಿತವಾಗುವ ಸಾಧ್ಯತೆ ಇದಕ್ಕೇ ಹೆಚ್ಚು. ಪಿಕ್ಯುಡಬ್ಲ್ಯುಎಲ್, ಆರ್‌ಎಲ್‌ಡಬ್ಲ್ಯುಎಲ್ ಎಂದಿದ್ದರೆ ಅದು ನಡುವಿನ ನಿಲ್ದಾಣಗಳ ಚಿಕ್ಕ ಕೋಟಾ, ಅಲ್ಲಿ ಹತ್ತನೇ ನಂಬರೂ ದೂರವೇ. ತುಮಕೂರಿನಿಂದ ಬೆಳಗಾವಿಗೆ ಹೀಗೆ ಸಿಕ್ಕಿಬಿದ್ದರೆ ಅದೇ ರೈಲಿನಲ್ಲಿ ಬೆಂಗಳೂರು–ಬೆಳಗಾವಿ ನೋಡಿ. ಅಲ್ಲಿ ಸೀಟಿದ್ದರೆ ಬೆಂಗಳೂರಿನಿಂದಲೇ ಟಿಕೆಟ್ ತೆಗೆದು, ಹತ್ತುವ ನಿಲ್ದಾಣವೆಂದು ತುಮಕೂರನ್ನು ನಮೂದಿಸಬಹುದು. ಹೆಚ್ಚುವರಿ ಸುಮಾರು 70 ಕಿ.ಮೀ.ಗೆ ಬೀಳುವ ಹಣ ಅಲ್ಪ. ಏಕೆಂದರೆ ದೂರ ಹೆಚ್ಚಿದಂತೆ ಕಿಲೋಮೀಟರಿಗೆ ದರ ಇಳಿಯುವ ಹಾಗೆ ರೈಲ್ವೆಯ ದರಪಟ್ಟಿ ಇದೆ. ಹತ್ತುವ ನಿಲ್ದಾಣ ನಮೂದಿಸದೆ ಸುಮ್ಮನೆ ತುಮಕೂರಿನಲ್ಲಿ ಕಾಯುತ್ತ ನಿಂತರೆ ಮಾತ್ರ ಕೆಟ್ಟಿತು. ಬೆಂಗಳೂರಿನಲ್ಲಿ ಬರಲಿಲ್ಲ ಎಂದು ಟಿಟಿಇ ಬರ್ತನ್ನು ಆರ್‌ಎಸಿಯವರಿಗೆ, ಅಂದರೆ ಪೂರ್ತಿ ಬರ್ತ್ ಸಿಗದೆ ಕೂರಲು ಸೀಟಷ್ಟೇ ಸಿಕ್ಕವರಿಗೆ, ಕೊಟ್ಟಿರುತ್ತಾರೆ, ಕೇಳುವ ಹಕ್ಕು ನಿಮಗಿರುವುದಿಲ್ಲ.

ಇದೇ ದರಪಟ್ಟಿಯ ಕಾರಣಕ್ಕೆ ಒಂದು ಉದ್ದ ಪ್ರಯಾಣವನ್ನು ಎರಡು ತುಂಡು ಟಿಕೆಟ್ ಮಾಡಿದರೆ ದುಬಾರಿ. ಹತ್ತಿರದ ಊರಿಗೆ ಸ್ಲೀಪರ್, ಎಸಿ ತೆಗೆಯುವುದೂ ದುಬಾರಿಯೇ. ಸ್ಲೀಪರ್‌ಗೆ ಕನಿಷ್ಠ 200 ಕಿ.ಮೀ., ಮೂರು ಹಂತದ ಎಸಿಗೆ ಕನಿಷ್ಠ 300 ಕಿ.ಮೀ. ದರ ಹಿಡಿಯುತ್ತಾರೆ. ಬೆಂಗಳೂರು–ಮೈಸೂರು 140 ಕಿ.ಮೀ. ಕೂಡ ಇಲ್ಲ. ಮೂರು ಹಂತದ ಎಸಿಯಲ್ಲಿ ಮೈಸೂರಿಗೆ ಹೋದವರು ಇಳಿದ ಮೇಲೂ 160 ಕಿ.ಮೀ.ಗೆ ದುಡ್ಡು ಕೊಟ್ಟಂತಾಯಿತು! ಆ ದಾರಿಗೆ ಹಗಲಿನ ಎರಡನೇ ದರ್ಜೆಯ ಸೀಟೇ ಸರಿ.

ಮಕ್ಕಳ ಟಿಕೆಟ್ಟಿನಲ್ಲಿ ಬಹಳ ಮನೆಗಳವರು ಗಮನಿಸದೆ ಹಣ ಕಳೆಯುತ್ತಾರೆ. ಐದು ವರ್ಷ ತುಂಬದ ಮಗುವಿಗೆ ಪ್ರತ್ಯೇಕ ಬರ್ತ್ ಬೇಡವೆಂದರೆ ಟಿಕೆಟ್ಟೇ ಬೇಡ. ಐದರಿಂದ ಹನ್ನೆರಡು ತುಂಬುವವರೆಗೆ ಬರ್ತ್ ಬೇಡವೆಂದರೆ ಅರ್ಧ ದರ, ಬೇಕೆಂದರೆ ಪೂರ್ತಿ ದರ. 2016ರಿಂದ ಇರುವ ನಿಯಮ. ಫಾರ್ಮಿನಲ್ಲಿ ‘ಬರ್ತ್ ಬೇಡ’ ಎಂದು ನಾವೇ ಆರಿಸದಿದ್ದರೆ ಪೂರ್ತಿ ಹಣ ಕಟ್ಟಾಗುತ್ತದೆ. ಆರು ವರ್ಷದ ಮಗು ಅಮ್ಮನ ಪಕ್ಕ ಮಲಗೀತು. ಹನ್ನೊಂದರ ಹುಡುಗನನ್ನು ರಾತ್ರಿಯಿಡೀ ಅದೇ ಬರ್ತಿನಲ್ಲಿ ತುರುಕಿ ಅರ್ಧ ಟಿಕೆಟ್ ಉಳಿಸುವುದನ್ನು ಮಾತ್ರ ನಾನು ಉಳಿತಾಯವೆಂದು ಒಪ್ಪುವುದಿಲ್ಲ. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತದ್ದು ಮತ್ತೆ ಬಂದಿಲ್ಲ. ಅವರಿಗೆ ಉಳಿದಿರುವುದು ಕೆಳಗಿನ ಬರ್ತಿನ ಕೋಟಾ.

ಆನ್‌ಲೈನ್ ಟಿಕೆಟ್ಟಿನ ಸೇವಾಶುಲ್ಕ ಟಿಕೆಟ್ಟಿಗೆ ಒಂದು, ತಲೆಗೆ ಒಂದಲ್ಲ. ಎಸಿಗೆ 30 ರೂಪಾಯಿ, ಉಳಿದದ್ದಕ್ಕೆ 15, ಯುಪಿಐನಲ್ಲಿ ಕಟ್ಟಿದರೆ 20 ಮತ್ತು 10, ಮೇಲೆ ಜಿಎಸ್‌ಟಿ. ಒಂದು ಟಿಕೆಟ್ಟಿನಲ್ಲಿ ಆರು ಜನರಿಗೆ ಜಾಗವಿದೆ. ಚಿಕ್ಕ ಮೊತ್ತ, ಹೇಳಿ ಮುಂದೆ ಹೋಗುತ್ತೇನೆ.

ತತ್ಕಾಲ್ ತುರ್ತಿನ ದಾರಿ, ಉಳಿತಾಯದ ದಾರಿಯಲ್ಲ. ಸ್ಲೀಪರ್‌ಗೆ ತಲಾ 100ರಿಂದ 200, ಮೂರು ಹಂತದ ಎಸಿಗೆ 300ರಿಂದ 400 ರೂಪಾಯಿ ಹೆಚ್ಚುವರಿ. ನಾಲ್ವರ ಮನೆಗೆ ಎಸಿಯಲ್ಲಿ ಹೋಗಿ ಬರಲು ಅದೊಂದೇ 3,200 ರೂಪಾಯಿ ಮುಟ್ಟಬಹುದು. ಖಚಿತವಾದ ತತ್ಕಾಲ್ ಟಿಕೆಟ್ ರದ್ದುಮಾಡಿದರೆ ಬಿಡಿಗಾಸೂ ವಾಪಸ್ ಬರುವುದಿಲ್ಲ. ಹಿಂದಿನ ದಿನ ಎಸಿಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ತೆರೆಯುತ್ತದೆ. ಮೊದಲ ಅರ್ಧ ಗಂಟೆ ಏಜೆಂಟರಿಗೆ ಬುಕಿಂಗ್ ಮಾಡಲು ಅವಕಾಶವೇ ಇಲ್ಲ. ‘ಗ್ಯಾರಂಟಿ ತತ್ಕಾಲ್’ ಎಂದು ಮೇಲೆ ಐನೂರು ಕೇಳುವವರು ಯಾವುದರ ಗ್ಯಾರಂಟಿ ಕೊಡುತ್ತಿದ್ದಾರೋ ಅವರೇ ಹೇಳಬೇಕು. ಅದಕ್ಕಿಂತ, ಮೊದಲ ಚಾರ್ಟ್ (ಸೀಟು ಹಂಚಿಕೆಯ ಪಟ್ಟಿ) ಆದ ಮೇಲೆ ಉಳಿದ ಸೀಟುಗಳು ‘ಕರೆಂಟ್ ಬುಕಿಂಗ್’ನಲ್ಲಿ ತತ್ಕಾಲ್ ಶುಲ್ಕವಿಲ್ಲದೆ ಸಿಗುತ್ತವೆ. ಹಬ್ಬದ ಮುನ್ನಾದಿನ ಇದನ್ನು ನೆಚ್ಚಬಾರದು, ವಾರದ ನಡುವಿನ ದಿನಗಳಲ್ಲಿ ನೆಚ್ಚಬಹುದು.

ಇನ್ನು ಸರ್ಕಾರಿ ಬಸ್. ಕೆಎಸ್‌ಆರ್‌ಟಿಸಿಯಲ್ಲಿ ನಾಲ್ಕು ಅಥವಾ ಹೆಚ್ಚು ಜನ ಒಂದೇ ಟಿಕೆಟ್ಟಿನಲ್ಲಿ ಮುಂಗಡ ಬುಕ್ ಮಾಡಿದರೆ ಶೇ 5, ಹೋಗುವುದು–ಬರುವುದು ಒಟ್ಟಿಗೆ ಬುಕ್ ಮಾಡಿದರೆ ಬರುವ ಟಿಕೆಟ್ಟಿಗೆ ಶೇ 10 ರಿಯಾಯಿತಿ. ಅಣ್ಣ ಒಂದು ಫೋನಿನಲ್ಲಿ, ತಮ್ಮ ಇನ್ನೊಂದರಲ್ಲಿ ಎರಡೆರಡು ಸೀಟು ಹಿಡಿದರೆ ಮೊದಲನೆಯದು ಹೋಯಿತು; ‘ಬರುವಾಗ ನೋಡೋಣ’ ಎಂದರೆ ಎರಡನೆಯದೂ ಹೋಯಿತು. 2023ರ ಜೂನ್ 11ರಿಂದ ಇರುವ ಶಕ್ತಿ ಯೋಜನೆಯನ್ನು ಪ್ರವಾಸದ ಲೆಕ್ಕಕ್ಕೆ ತರುವವರು ಕಡಿಮೆ. ರಾಜಹಂಸ, ಐರಾವತ, ಅಂಬಾರಿಗಳಿಗೆ ಅದು ಅನ್ವಯಿಸುವುದಿಲ್ಲ. ಆದರೆ ಕರ್ನಾಟಕ ಸಾರಿಗೆ ಬಸ್ಸಿನಲ್ಲಿ ರಾಜ್ಯದೊಳಗೆ ಹೊಸಪೇಟೆಗೋ ಬಾದಾಮಿಗೋ ಹೊರಟರೆ ತಾಯಿ, ಮಗಳು, ಅಜ್ಜಿ ಮೂವರಿಗೂ ಟಿಕೆಟ್ ಹಣವಿಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಬೇಕು.

ಹಂಪಿಗೆ ಹೋಗುವವರಿಗೆ ಒಂದು ಮಾತು. ವಿಜಯವಿಠ್ಠಲ ದೇವಸ್ಥಾನದಲ್ಲಿ ತೆಗೆದ ಪುರಾತತ್ವ ಇಲಾಖೆಯ ಟಿಕೆಟ್ ಅದೇ ದಿನ ರಾಣಿವಾಸದ ಆವರಣಕ್ಕೂ ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ನಡೆಯುತ್ತದೆ. ಎರಡು ದಿನಕ್ಕೆ ಹಂಚಿದರೆ ಎರಡು ಸಲ ಕೊಡಬೇಕು. ಹದಿನೈದರೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ಆ ದಿನ ಬಿಟ್ಟು ಹೋಗಿ.

ಹೋಟೆಲ್ ಬಿಲ್ಲನ್ನು ಓದುವ ಅಭ್ಯಾಸ ನಮ್ಮಲ್ಲಿ ಕಡಿಮೆ. ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗೆ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರ ಬದಲು ಶೇ 5. ಎರಡು ಸಾವಿರದ ಕೊಠಡಿಗೆ ತೆರಿಗೆ 240 ಅಲ್ಲ, 100. ಹಳೆಯ ದರ ಹಾಕಿದ ಬಿಲ್ ಬಂದರೆ ಕೌಂಟರಿನಲ್ಲೇ ಕೇಳಿ. ಇನ್ನೂ ಅಗ್ಗವಾಗಬೇಕೆಂದರೆ ರೈಲು ನಿಲ್ದಾಣಗಳ ವಿಶ್ರಾಂತಿ ಕೊಠಡಿಗಳಿವೆ. ಖಚಿತವಾದ ಅಥವಾ ಆರ್‌ಎಸಿ ಟಿಕೆಟ್ಟಿನ ಪಿಎನ್‌ಆರ್ ಇದ್ದರೆ ಐಆರ್‌ಸಿಟಿಸಿಯಲ್ಲೇ ಕಾಯ್ದಿರಿಸಬಹುದು. ಬೆಳಗಿನ ಜಾವ ಇಳಿದು ಸ್ನಾನ ಮುಗಿಸಿ ಊರು ನೋಡಿ ರಾತ್ರಿ ಹೊರಡುವವರಿಗೆ ಅಷ್ಟೇ ಸಾಕು.

ಕೊನೆಯದಾಗಿ, ನೈಋತ್ಯ ರೈಲ್ವೆಗೆ ಒಂದು ಬೇಡಿಕೆ. ಹೊರಟ ಊರಿಗೇ ಬೇರೆ ದಾರಿಯಿಂದ ಮರಳುವವರಿಗೆ ‘ಸರ್ಕ್ಯುಲರ್ ಜರ್ನಿ ಟಿಕೆಟ್’ ಎಂಬುದಿದೆ. ಬೆಂಗಳೂರಿನಿಂದ ಮದುರೈ, ತಿರುನೆಲ್ವೇಲಿ, ನಾಗರಕೋಯಿಲ್, ತಿರುವನಂತಪುರ, ಎರ್ನಾಕುಲಂ, ಮಂಗಳೂರು, ಹಾಸನದ ಮೇಲೆ ಸುತ್ತಿ ಬರುವುದು ಇದಕ್ಕೆ ಹೇಳಿ ಮಾಡಿಸಿದ ದಾರಿ. ಎಂಟು ಕಡೆಯವರೆಗೆ ಇಳಿದು ತಂಗಬಹುದು. ಒಟ್ಟು ದೂರವನ್ನು ಎರಡು ಸಮಭಾಗ ಮಾಡಿ ಎರಡೇ ಉದ್ದ ಟಿಕೆಟ್ಟಿನ ದರ ಹಿಡಿಯುವುದರಿಂದ, ಊರೂರಿಗೆ ಬಿಡಿ ಟಿಕೆಟ್ ತೆಗೆಯುವುದಕ್ಕಿಂತ ಅಗ್ಗ. ತೊಡಕೆಂದರೆ ಇದು ಆನ್‌ಲೈನಿನಲ್ಲಿಲ್ಲ. ದಾರಿ ಬರೆದು ವಿಭಾಗದ ವಾಣಿಜ್ಯ ಕಚೇರಿಗೆ ಅರ್ಜಿ ಕೊಡಬೇಕು. ನಂತರ ಒಂದೊಂದು ಹಂತದ ಬರ್ತನ್ನೂ ಬೇರೆಯಾಗಿ ಕಾಯ್ದಿರಿಸಬೇಕು. ಹೀಗಾಗಿ 60 ದಿನಕ್ಕಿಂತ ಮೊದಲೇ ಕೆಲಸ ಶುರುವಾಗಬೇಕು. ಹುಬ್ಬಳ್ಳಿ, ಬೆಂಗಳೂರು, ಮೈಸೂರು ವಿಭಾಗಗಳು ಇದರ ಅರ್ಜಿ ನಮೂನೆಯನ್ನೂ ಹತ್ತಾರು ಜನಪ್ರಿಯ ಸುತ್ತುಗಳ ದರವನ್ನೂ ಕನ್ನಡದಲ್ಲಿ ಅಚ್ಚು ಹಾಕಿಸಿ, ಜುಲೈ ಮುಗಿಯುವುದರೊಳಗೆ ಪ್ರತಿ ಕಾಯ್ದಿರಿಸುವ ಕೌಂಟರಿನ ಗೋಡೆಗೆ ಅಂಟಿಸಲಿ.

– ಓದುಗ, ಅರಸೀಕೆರೆ