ಎಷ್ಟು ದಿನದ ಇಲಿ?

ಪ್ರೀತಿಯ ತಂಗಿ,

ನಿನ್ನ ಲೇಖನವನ್ನು ಎರಡು ಸಲ ಓದಿದೆ. ಸರಾಗವಾಗಿ ಓದಿಸಿಕೊಂಡು ಹೋಗುತ್ತದೆ. ಒಂದು ಸಾಲು ಮಾತ್ರ ಚುಚ್ಚುತ್ತಲೇ ಇದೆ: ‘ಕೈನಿಕ್ ಆಸಿಡ್ ಕೊಟ್ಟಾಗ ಇಲಿಗಳಿಗೆ ಫಿಟ್ಸ್ ಬಂದು ಮೆದುಳಿನ ಕೋಶಗಳು ಸತ್ತವು.’ ಪ್ರಯೋಗಾಲಯದಲ್ಲಿ ಫಿಟ್ಸ್ ಬರಿಸಲೆಂದೇ ಕೊಡುವ ಮದ್ದು ಅದು, ಸರಿ. ಆದರೆ ಎಷ್ಟು ದಿನದ ಇಲಿಗಳು? ನೀನು ಬರೆದಿಲ್ಲ.

ಹಿಂದೆ ನಾನೂ ಹೀಗೇ ಬರೆದಿದ್ದೆ. ಒಬ್ಬ ತಾಯಿ ಫೋನ್ ಮಾಡಿದರು. ಅವರ ಮಗುವಿಗೆ ಹುಟ್ಟಿದ ವಾರದಲ್ಲೇ ಫಿಟ್ಸ್ ಬಂದಿತ್ತು. ‘ಹಾಗಾದ್ರೆ ನನ್ನ ಮಗಳ ಮೆದುಳು ಸತ್ತುಹೋಗಿದೆಯಾ ಮೇಡಂ?’ ಎಂದು ಕೇಳಿದರು. ನಾನು ಬರೆದದ್ದು ಬೆಳೆದ ಇಲಿಗಳ ವಿಷಯ. ಅದನ್ನು ಅವರಿಗೆ ಹೇಳಿರಲೇ ಇಲ್ಲ.

ಬೆಳೆದ ಇಲಿಗೆ ಕೈನಿಕ್ ಆಸಿಡ್ ಚುಚ್ಚಿದರೆ ಅದು ನೆನೆದ ನಾಯಿಯ ಹಾಗೆ ಮೈ ಕೊಡವುತ್ತದೆ. ಆಮೇಲೆ ಮುಂಗಾಲು ಅದುರುತ್ತವೆ, ಎದ್ದು ನಿಂತು ಬೀಳುತ್ತದೆ. ಮುಂದೆ ನೋಡಿದರೆ ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್‌ನಲ್ಲಿ ಕೋಶಗಳು ಸತ್ತಿರುತ್ತವೆ. ಈಗ ಹತ್ತು ದಿನದ ಮರಿಯನ್ನು ನೋಡು. ಇನ್ನೂ ಕಣ್ಣು ಬಿಟ್ಟಿಲ್ಲ. ಅದು ಮೈ ಕೊಡವುವುದಿಲ್ಲ, ಕೆರೆದುಕೊಳ್ಳುತ್ತದೆ, ಸೆಟೆದುಕೊಳ್ಳುತ್ತದೆ. ತೂಕದ ಲೆಕ್ಕದಲ್ಲೂ ದೊಡ್ಡದಕ್ಕಿಂತ ಕಡಿಮೆ ಮದ್ದು ಸಾಕು. ಫಿಟ್ಸ್ ಜೋರಾಗಿಯೇ ಬರುತ್ತದೆ, ಮರಿಗಳು ಸಾಯುವುದೂ ಉಂಟು. ಆದರೂ ಬದುಕಿದ ಮರಿಯ ಹಿಪ್ಪೊಕ್ಯಾಂಪಸ್‌ನಲ್ಲಿ ದೊಡ್ಡ ಇಲಿಯಲ್ಲಿ ಕಾಣುವಂಥ ಹಾನಿ ಕಾಣುವುದಿಲ್ಲ. ಹುಟ್ಟಿದ ಮೂರನೇ ವಾರದ ಹೊತ್ತಿಗೆ ಇದು ಬದಲಾಗತೊಡಗುತ್ತದೆ. 1980ರ ದಶಕದಿಂದಲೇ ಗೊತ್ತಿರುವ ಮಾತು ಇದು.

ಎಳೆಯ ಮೆದುಳಿನಲ್ಲಿ ಫಿಟ್ಸ್ ಬೇಗ ಹತ್ತಿಕೊಳ್ಳುತ್ತದೆ, ಆದರೆ ಅಷ್ಟು ಸುಡುವುದಿಲ್ಲ. ವಿಚಿತ್ರ ಅಲ್ವಾ? ಬೇಗ ಹತ್ತಿಕೊಳ್ಳಲು ಒಂದು ಕಾರಣ ಗಾಬಾ, ಮೆದುಳಿನ ಕೋಶಗಳ ನಡುವೆ ಸಂದೇಶ ಒಯ್ಯುವ ಒಂದು ರಾಸಾಯನಿಕ. ಬೆಳೆದ ಮೆದುಳಿನಲ್ಲಿ ಅದು ಬ್ರೇಕ್ ಇದ್ದ ಹಾಗೆ. ಎಳೆಯ ಕೋಶದೊಳಗೆ ಕ್ಲೋರೈಡ್ ಜಾಸ್ತಿ ತುಂಬಿರುತ್ತದೆ, ಅದನ್ನು ಹೊರಹಾಕುವ ಕೆಸಿಸಿ2 ಪಂಪು ಇನ್ನೂ ಕಡಿಮೆ. ಹಾಗಾಗಿ ಅದೇ ಗಾಬಾ ಅಲ್ಲಿ ಕೋಶವನ್ನು ಕೆರಳಿಸಬಲ್ಲದು. ಇದೊಂದೇ ಕಾರಣ ಎಂದು ಮಾತ್ರ ಬರೆಯಬೇಡ.

‘ಮರಿಗಳಿಗೆ ಏನೂ ಆಗುವುದಿಲ್ಲ’ ಎಂದೂ ಬರೆಯಬೇಡ. ಫ್ಲುರೋಥಿಲ್ ಎಂಬ ಇನ್ನೊಂದು ಮದ್ದಿನ ಆವಿ ಉಸಿರಾಡಿಸಿ ಎಳೆ ಮರಿಗಳಿಗೆ ಮತ್ತೆ ಮತ್ತೆ ಫಿಟ್ಸ್ ಬರಿಸಿದ್ದಾರೆ. ದೊಡ್ಡವಾದ ಮೇಲೆ ಅವು ನೀರಿನ ತೊಟ್ಟಿಯಲ್ಲಿ ಅಡಗಿಸಿಟ್ಟ ಕಟ್ಟೆ ಹುಡುಕಲು ಕಲಿಯುವಾಗ ಹಿಂದೆ ಬಿದ್ದವು. ಲಿಥಿಯಂ ಜೊತೆ ಪೈಲೊಕಾರ್ಪಿನ್ ಎಂಬ ಮದ್ದು ಕೊಟ್ಟು ಫಿಟ್ಸ್ ಬರಿಸಿದಾಗಲಂತೂ ಎರಡು ವಾರದ ಮರಿಯಲ್ಲೂ ಕೋಶಗಳು ಸತ್ತಿವೆ. ಮದ್ದು ಬೇರೆಯಾದರೆ ಲೆಕ್ಕವೂ ಬೇರೆ.

ಅದಕ್ಕೇ ಪ್ರತಿ ಸಾಲಿನಲ್ಲೂ ಮೂರನ್ನು ಕೇಳಿಕೋ: ಯಾವ ಮದ್ದು, ಎಷ್ಟು ದಿನದ ಮರಿ, ಎಷ್ಟು ಸಲ. ಏಳರಿಂದ ಹತ್ತು ದಿನದ ಇಲಿಮರಿಯ ಮೆದುಳನ್ನು ಆಗ ತಾನೇ ಹುಟ್ಟಿದ ಮಗುವಿನ ಮೆದುಳಿಗೆ ಹೋಲಿಸುವುದುಂಟು. ಅದು ಬರೀ ಅಂದಾಜು. ಅಂದಾಜು ಎಂದೇ ಬರೆ.

ಆ ಸಾಲು ತಿದ್ದಿ ಕಳಿಸು. ಅಚ್ಚಿಗೆ ಹೋಗುವ ಮೊದಲು ನಾನೊಮ್ಮೆ ನೋಡುತ್ತೇನೆ.

ನಿನ್ನ ಅಕ್ಕ