ಬೆಕ್ಕು ಕಾದಂಬರಿ ಬರೆಯುವುದಿಲ್ಲ, ಪುಟ್ಟಿ

ತ್ಯಾಗರಾಜನಗರ, ಬೆಂಗಳೂರು

ಪ್ರೀತಿಯ ಪುಟ್ಟಿ,

ಬರೆಯೋಕೆ ಕೂತಾಗ ಜೊತೆಗಿರಲಿ ಅಂತ ಒಂದು ಬೆಕ್ಕಿನ ಮರಿ ತರ್ತೀನಿ ಅಂದೆಯಲ್ಲ, ನಾನು ಫೋನಿನಲ್ಲಿ ಸುಮ್ನೆ ಹ್ಞೂಂ ಅಂದುಬಿಟ್ಟೆ. ಫೋನಿಟ್ಟ ಮೇಲೆ ಹೇಳಬೇಕಾದ್ದು ಒಂದೊಂದೇ ನೆನಪಾಯಿತು. ವಾಟ್ಸಾಪಿನಲ್ಲಿ ಇಷ್ಟುದ್ದ ಬರೆದರೆ ನೀನು ಅರ್ಧಕ್ಕೇ ಬಿಡ್ತೀಯ. ಅದಕ್ಕೇ ಈ ಕಾಗದ.

ಬೆಕ್ಕು ತಾ, ಬೇಡ ಅನ್ನಲ್ಲ. ಆದರೆ ಅದು ಸ್ಫೂರ್ತಿ ಕೊಡುತ್ತದೆ ಅಂದುಕೊಂಡು ತರಬೇಡ. ಸಂದರ್ಶನಕ್ಕೆ ಬರುವವರೆಲ್ಲ ನನ್ನನ್ನು ಇದನ್ನೇ ಕೇಳುತ್ತಾರೆ. ನಮ್ಮ ಬೆಕ್ಕು ಬೆಲ್ಲ ಮೇಜಿನ ಮೇಲೆ ಮಲಗಿರೋದನ್ನು ನೋಡಿ, "ಇದೇನಾ ಮೇಡಂ ನಿಮ್ಮ ಸ್ಫೂರ್ತಿ?" ಅನ್ನುತ್ತಾರೆ. ಒಂದು ಫೋಟೋನೂ ತೆಗೆದುಕೊಳ್ಳುತ್ತಾರೆ. ಬೆಲ್ಲ ಅಲ್ಲಿ ಮಲಗೋದು ಲ್ಯಾಪ್‌ಟಾಪಿನ ಚಾರ್ಜರ್ ಬೆಚ್ಚಗಿರುತ್ತದೆ ಅಂತ. ಸಾಹಿತ್ಯಕ್ಕೂ ಅವಳಿಗೂ ಏನೇನೂ ಸಂಬಂಧ ಇಲ್ಲ.

ಹಾಗಾದರೆ ಇವುಗಳಿಂದ ಏನೂ ಸಿಗಲ್ವಾ ಅಂತ ಕೇಳ್ತೀಯ. ಸಿಗುತ್ತದೆ. ನಮ್ಮ ನಾಯಿ ಕರಿಯನ ವಿಷಯ ಹೇಳ್ತೀನಿ.

ಕಳೆದ ಕಾದಂಬರಿಯಲ್ಲಿ ಒಬ್ಬ ಮುದುಕಿ ಬರ್ತಾಳಲ್ಲ, ಮಗ ಇವತ್ತು ಬರ್ತಾನೆ ನಾಳೆ ಬರ್ತಾನೆ ಅಂತ ಕಾಯೋಳು. ಆ ಅಧ್ಯಾಯ ನನಗೆ ಕೂತೇ ಇರಲಿಲ್ಲ. ಅವಳನ್ನು ಕಿಟಕಿ ಹತ್ತಿರ ನಿಲ್ಲಿಸಿದೆ, ಗೇಟಿನ ಹತ್ತಿರ ನಿಲ್ಲಿಸಿದೆ, ಕಣ್ಣಲ್ಲಿ ನೀರು ಹಾಕಿಸಿದೆ. ಎಲ್ಲ ಸಿನಿಮಾ ಥರ ಕಾಣುತ್ತಿತ್ತು. ಆಗ ಕರಿಯನನ್ನು ನೋಡುತ್ತಿದ್ದೆ. ನಿಮ್ಮಪ್ಪ ಸಂಜೆ ಬರುವ ಹೊತ್ತಿಗೆ ಅವನು ದಿನಾ ಮೆಟ್ಟಿಲ ಮೇಲೆ ಬಂದು ಮಲಗುತ್ತಾನೆ. ಗೇಟಿನ ಕಡೆ ಮುಖ ಹಾಕಿ ಅಲ್ಲ, ಬೆನ್ನು ಹಾಕಿ. ಕಣ್ಣು ಮುಚ್ಚಿರುತ್ತದೆ. ಅವನಿಗೆ ಯಾರ ಗೊಡವೆಯೂ ಇಲ್ಲ ಅಂತ ಎಂಥವರೂ ನಂಬಬೇಕು. ಆದರೆ ಆ ಎಡಗಿವಿ ಇದೆಯಲ್ಲ, ಸಂತಾನಹರಣದ ಆಪರೇಷನ್ ಆದಾಗ ಗುರುತಿಗೆ ತುದಿ ಕತ್ತರಿಸಿದ್ದು, ಅದೊಂದು ಮಾತ್ರ ರಸ್ತೆ ಕಡೆ ತಿರುಗಿರುತ್ತದೆ. ಬೇರೆ ಸ್ಕೂಟರ್ ಹೋದರೆ ಅಲ್ಲಾಡುವುದಿಲ್ಲ. ಅಪ್ಪನ ಸ್ಕೂಟರ್ ಇನ್ನೂ ಮೂಲೆ ತಿರುಗುವ ಮುಂಚೆಯೇ ನೆಟ್ಟಗಾಗುತ್ತದೆ.

ಮುದುಕಿಯನ್ನು ಕಿಟಕಿಯಿಂದ ಎಬ್ಬಿಸಿ ಒಳಗೆ ಕೂರಿಸಿದೆ. ಬಾಗಿಲಿಗೆ ಬೆನ್ನು ಹಾಕಿ, ಮೊರದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಳು. ಹೊರಗೆ ಆಟೋ ನಿಂತ ಸದ್ದಾದರೆ ಕೈ ಒಂದು ಕ್ಷಣ ನಿಲ್ಲುತ್ತದೆ, ಮತ್ತೆ ಸುಲಿಯುತ್ತಾಳೆ. ಅಷ್ಟೇ. ಅಳು ಎಲ್ಲ ಹೊಡೆದುಹಾಕಿದೆ. ಆ ಪುಟ ಓದಿ ಎಷ್ಟು ಜನ ಫೋನ್ ಮಾಡಿದರು ಅಂತ ನಿನಗೂ ಗೊತ್ತು. ಕರಿಯ ಕತೆ ಕೊಟ್ಟ ಅಂತ ನಾನು ಹೇಳಲ್ಲ. ಅವನು ತನ್ನ ಪಾಡಿಗೆ ಕಾಯುತ್ತಿದ್ದ, ನಾನು ನೋಡುತ್ತಿದ್ದೆ. ಮನುಷ್ಯರನ್ನು ಇಷ್ಟು ಹೊತ್ತು ದಿಟ್ಟಿಸಿ ನೋಡಿದರೆ "ಏನು?" ಅಂತಾರೆ. ನಾಯಿ ಅನ್ನಲ್ಲ. ಅವನ ಮನಸ್ಸಿನಲ್ಲಿ ಏನಿದೆ ಅಂತ ಅವನು ಬಾಯಿಬಿಟ್ಟು ಹೇಳುವ ಹಾಗೂ ಇಲ್ಲ. ಕಿವಿ, ಬಾಲ, ಮಲಗೋ ಭಂಗಿ, ಇಷ್ಟರಲ್ಲೇ ತಿಳಿದುಕೊಳ್ಳಬೇಕು. ಕಾದಂಬರಿ ಬರೆಯೋರಿಗೆ ಇದಕ್ಕಿಂತ ಒಳ್ಳೆ ಪಾಠ ನನಗಂತೂ ಸಿಕ್ಕಿಲ್ಲ.

ನಮ್ಮ ದೊಡ್ಡವರು ಇದನ್ನು ಚೆನ್ನಾಗಿ ತಿಳಿದಿದ್ದರು. 1980ರಲ್ಲಿ ಬಂದ 'ಕರ್ವಾಲೊ' ನೋಡು. ಮೂಡಿಗೆರೆಯ ತೋಟದಲ್ಲಿ ತೇಜಸ್ವಿ ಸಾಕಿದ್ದ ಕಿವಿ ಅನ್ನೋ ನಾಯಿ ಅದರೊಳಗೆ ಓಡಾಡಿಕೊಂಡಿದೆ. 'ಪರಿಸರದ ಕತೆ'ಯಲ್ಲೂ ಅದೇ ಕಿವಿ. 'ಕರ್ವಾಲೊ'ದಲ್ಲಿ ಹಾರುವ ಓತಿ ಹುಡುಕುತ್ತಾ ವಿಕಾಸವಾದ, ಕಾಲ, ವಿಸ್ಮಯ ಅಂತ ಏನೇನೋ ದೊಡ್ಡ ವಿಷಯ ಬಂದರೂ ಕಿವಿ ನಾಯಿಯಾಗೇ ಉಳಿಯುತ್ತದೆ. ಅದರ ಬಾಯಲ್ಲಿ ಅವರು ತತ್ವ ಹೇಳಿಸುವುದಿಲ್ಲ. ಕುವೆಂಪು 1967ರ 'ಮಲೆಗಳಲ್ಲಿ ಮದುಮಗಳು' ಬರೆದಾಗ ಗುತ್ತಿಯ ಹಿಂದೆ ಹುಲಿಯನನ್ನು ಬಿಟ್ಟರು. ಆ ನಾಯಿಯಿಂದಲೇ ಅವನಿಗೆ ನಾಯಿಗುತ್ತಿ ಅಂತ ಹೆಸರು. ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಪುಸ್ತಕದ ಮೊದಲಲ್ಲೇ ಹೇಳಿಕೊಂಡವರು ಅವರು. ತುಂಗೆಯ ಪ್ರವಾಹದಲ್ಲಿ ಹುಲಿಯ ಕೊಚ್ಚಿಹೋಗುವಾಗ ಆ ಮಾತು ನಿಜ ಅನ್ನಿಸುತ್ತದೆ. ಅಷ್ಟು ದಪ್ಪ ಪುಸ್ತಕದಲ್ಲಿ ಎಷ್ಟೋ ಮನುಷ್ಯರ ಹೆಸರು ನನಗೆ ಮರೆತಿದೆ, ಹುಲಿಯ ಮರೆತಿಲ್ಲ.

ಇನ್ನು ಜೊತೆಗಿರೋದರ ಮಾತು. ಬೆಳಗಿನ ಜಾವ ಎದ್ದು ಬರೆಯೋಕೆ ಕೂತರೆ ಇಡೀ ಬೀದಿ ಮಲಗಿರುತ್ತದೆ. ಆ ಹೊತ್ತಲ್ಲಿ ಪಕ್ಕದಲ್ಲಿ ಉಸಿರಾಡುವ ಜೀವ ಒಂದಿದ್ದರೆ ಧೈರ್ಯ, ಅದು ನಿಜ. ಅಪ್ಪ ಎದ್ದರೆ "ಎಷ್ಟು ಪುಟ ಆಯ್ತು?" ಅಂತಾರೆ. ಸಂಪಾದಕರು "ಈ ವಾರದ ಕಂತು?" ಅಂತಾರೆ. ಬೆಲ್ಲ ಏನೂ ಕೇಳಲ್ಲ. ತೊಡೆ ಮೇಲೆ ಬಂದು ಗುರ್‌ಗುಟ್ಟಿಕೊಂಡು ಮಲಗುತ್ತಾಳೆ. ಅವಳನ್ನು ಎಬ್ಬಿಸೋಕೆ ಮನಸ್ಸು ಬರದೆ ನಾನು ಕಾಫಿಗೆ ಏಳುವುದಿಲ್ಲ. ಹಾಗೆ ಕೂತಲ್ಲೇ ಕೂತು ಇನ್ನೊಂದು ಪುಟ ಆಗಿರುತ್ತದೆ. ಕರಿಯನದು ಇದಕ್ಕೆ ತದ್ವಿರುದ್ಧ. ಹೊತ್ತಾಯಿತೆಂದರೆ ಸೀರೆ ಸೆರಗು ಹಿಡಿದು ಎಳೆಯುತ್ತಾನೆ. ವಾಕ್ಯ ಅರ್ಧಕ್ಕೇ ನಿಂತರೂ ಅವನಿಗೇನು? ಅವನ ಹಿಂದೆ ಗಾಂಧಿ ಬಜಾರಿನ ತನಕ ಹೋಗಿಬಂದರೆ ಆ ವಾಕ್ಯ ಎಷ್ಟೋ ಸಲ ದಾರಿಯಲ್ಲೇ ಸರಿಹೋಗಿರುತ್ತದೆ. ಒಂದು ಕೂರಿಸುತ್ತದೆ, ಇನ್ನೊಂದು ಎಬ್ಬಿಸುತ್ತದೆ. ನನಗೆ ಎರಡೂ ಬೇಕು.

ಕಾಟವೂ ಇದೆ, ಮುಚ್ಚಿಡಲ್ಲ. ಅಮೆರಿಕದ ಕಾದಂಬರಿಕಾರ ಸ್ಟೀನ್‌ಬೆಕ್ ಅಂತ ಒಬ್ಬರು ಇದ್ದರಲ್ಲ, 1936ರಲ್ಲಿ ಅವರ ಟೋಬಿ ಅನ್ನೋ ನಾಯಿಮರಿ 'ಆಫ್ ಮೈಸ್ ಅಂಡ್ ಮೆನ್' ಹಸ್ತಪ್ರತಿಯ ಸುಮಾರು ಅರ್ಧ ಭಾಗ ಚಿಂದಿ ಮಾಡಿತು. ಬೇರೆ ಪ್ರತಿ ಇರಲಿಲ್ಲ. ಎರಡು ತಿಂಗಳ ಕೆಲಸ ಹೋಯಿತು. ಅವರು ಸಿಟ್ಟಾದರೂ, ಪಾಪ ಅದು ವಿಮರ್ಶೆ ಮಾಡಿತೋ ಏನೋ ಅನ್ನೋ ಧಾಟಿಯಲ್ಲಿ ಕಾಗದ ಬರೆದರು. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಬೆಲ್ಲ ಕೀಬೋರ್ಡ್ ಮೇಲೆ ನಡೆದಾಗ ನಾನು ಕಿರುಚಿದ್ದು ಎದುರು ಮನೆಗೂ ಕೇಳಿಸಿದೆ. ನೀನು ದಿನದ ಬರಹವನ್ನು ಅವತ್ತೇ ಇನ್ನೊಂದು ಕಡೆ ಉಳಿಸಿಡು.

ನನಗೆ ಜಾಸ್ತಿ ಇಷ್ಟವಾಗೋದು ಜಪಾನಿನ ಲೇಖಕ ಸೋಸೆಕಿ ಕತೆ. 1904ರಲ್ಲಿ ಟೋಕಿಯೋದ ಅವರ ಮನೆಗೆ ಒಂದು ಬೀದಿ ಬೆಕ್ಕಿನ ಮರಿ ನುಗ್ಗಿತು. ಓಡಿಸಿದರೂ ಮತ್ತೆ ಮತ್ತೆ ಬಂತು. ಮರುವರ್ಷ ಅವರು ಬೆಕ್ಕೇ ಕತೆ ಹೇಳುವ ಕಾದಂಬರಿ ಶುರುಮಾಡಿ ಹೆಸರುವಾಸಿಯಾದರು. ತಮಾಷೆ ಅಂದರೆ ಆ ಬೆಕ್ಕಿಗೆ ಅವರು ಹೆಸರೇ ಇಡಲಿಲ್ಲ. ಆದರೆ 1908ರಲ್ಲಿ ಅದು ಸತ್ತಾಗ ಗೆಳೆಯರಿಗೆಲ್ಲ ಸಾವಿನ ಸುದ್ದಿಯ ಕಾರ್ಡು ಹಾಕಿದರು. ಮುದ್ದು ಮಾಡಲಿಲ್ಲ, ಮರೆಯಲೂ ಇಲ್ಲ. ಅಂಥ ಪ್ರೀತಿ ನನಗೆ ಅರ್ಥವಾಗುತ್ತದೆ.

ಈಗ ಮರಿ ವಿಷಯ. ಮೊದಲು ನಿನ್ನ ರೂಮಿನ ಓನರ್‌ನ ಕೇಳು, ಆಮೇಲೆ ಜಗಳ ಬೇಡ. ಬೆಕ್ಕಿಗೆ ಹಾಲು ಅನ್ನೋದು ನಮ್ಮ ಅಭ್ಯಾಸ ಅಷ್ಟೇ, ದೊಡ್ಡದಾದ ಮೇಲೆ ಎಷ್ಟೋ ಬೆಕ್ಕುಗಳಿಗೆ ಅದು ಜೀರ್ಣ ಆಗಲ್ಲ. ಮೊಸರನ್ನ ಹಾಕಿ ಸಾಕ್ತೀನಿ ಅಂತಲೂ ಅಂದುಕೊಳ್ಳಬೇಡ. ಮಾಂಸದಲ್ಲಿರೋ ಟಾರಿನ್ ಅನ್ನೋ ಪೋಷಕಾಂಶ ಬೆಕ್ಕಿಗೆ ಸಿಗಲೇಬೇಕು, ಇಲ್ಲದಿದ್ದರೆ ಅದರ ಕಣ್ಣು, ಹೃದಯ ಕೆಡುತ್ತದೆ. ನಿಮ್ಮಜ್ಜಿಗೆ ಇದನ್ನು ಒಪ್ಪಿಸೋಕೆ ನಾನು ಪಟ್ಟ ಪಾಡು ಬೇಡ. ರೇಬೀಸ್ ಲಸಿಕೆ ಹಾಕಿಸು. ಬಾಲ್ಕನಿಗೆ ಬಲೆ ಕಟ್ಟಿಸು. ಹೂದಾನಿಯಲ್ಲಿ ಲಿಲ್ಲಿ ಇಡಬೇಡ, ಬೆಕ್ಕಿನ ಕಿಡ್ನಿಗೆ ಅದು ವಿಷ. ಗಿಣಿ ಬೇಕು ಅಂತಲೂ ನೀನು ಒಂದು ಸಲ ಅಂದಿದ್ದೆ. ಅದಂತೂ ಬೇಡವೇ ಬೇಡ. ತಾತನ ಕಾಲದಲ್ಲಿ ಜಗಲಿಯಲ್ಲಿ ಪಂಜರ ತೂಗುತ್ತಿತ್ತು, ನಿಜ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮ ದೇಶದ ಗಿಣಿಗಳನ್ನು ಮನೆಯಲ್ಲಿ ಸಾಕುವ ಹಾಗಿಲ್ಲ.

ಮರಿ ಬಂದ ಮೇಲೆ ಫೋಟೋ ಕಳಿಸಬೇಡ. ಒಂದು ಪುಟ ಬರೆದು ಕಳಿಸು. ಮೊದಲನೇ ರಾತ್ರಿ ಎಲ್ಲಿ ಅಡಗಿತ್ತು, ಯಾವ ಸದ್ದಿಗೆ ಬೆಚ್ಚಿತು, ಯಾವಾಗ ಆಚೆ ಬಂತು, ಬಂದು ಮೊದಲು ಏನನ್ನು ಮೂಸಿತು. 'ಮುದ್ದಾಗಿದೆ' ಅನ್ನೋ ಮಾತು ಒಂದು ಕಡೆಯೂ ಬರಕೂಡದು. ಬಂದರೆ ಕೆಂಪು ಪೆನ್ನಲ್ಲಿ ಹೊಡೆದು ವಾಪಸ್ ಕಳಿಸ್ತೀನಿ.

ಬಲೆ ಕಟ್ಟಿಸೋಕೆ ದುಡ್ಡು ಬೇಕಾ ಅಂತ ಅಪ್ಪ ಕೇಳ್ತಿದ್ದಾರೆ.

ನಿನ್ನ
ಅಮ್ಮ